ಸಣ್ಣ ದೋಣಿಗೆ ಯಾವ ವೈರ್‌ಲೆಸ್ ಸೆಟ್? ಕೊಳ್ಳುವ ಮೊದಲು ಇದನ್ನು ನೋಡಿ

[ದೃಶ್ಯ: ಬೆಳಗಿನ ಜಾವ. ಅಳಿವೆಯ ಅಲೆಗಳನ್ನು ದಾಟುತ್ತಿರುವ ನಾಡದೋಣಿ.]

ನಮಸ್ಕಾರ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ರಜೆ. ಆಗ ಕಡಲಿಗೆ ಇಳಿಯುವುದು ನಾಡದೋಣಿಗಳು. 10 ಹಾರ್ಸ್‌ಪವರ್‌ವರೆಗಿನ ಎಂಜಿನ್, ಕೆಲವೇ ಜನ, ಒಂದು ಬಲೆ. ಕಡಲು ಅಬ್ಬರಿಸುವ ಹೊತ್ತಿನಲ್ಲೇ ಎಲ್ಲಕ್ಕಿಂತ ಸಣ್ಣ ದೋಣಿ ನೀರಲ್ಲಿರುತ್ತದೆ. ಓಡಿ ಬರಬಹುದಾದ ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿರುತ್ತವೆ.

ಇಂಥ ದೋಣಿಗೆ ಒಂದು ವೈರ್‌ಲೆಸ್ ಸೆಟ್ ಬೇಕೇ ಬೇಕು. ಮೊಬೈಲ್ ಇದೆಯಲ್ಲಾ ಅನ್ನಬಹುದು. ಆದರೆ ದಡ ದೂರವಾದ ಹಾಗೆ ಸಿಗ್ನಲ್ ಹೋಗುತ್ತದೆ. ಇನ್ನೊಂದು ವಿಷಯ: ಮೊಬೈಲ್‌ನಲ್ಲಿ ಕರೆದರೆ ಒಬ್ಬರಿಗೆ ಮಾತ್ರ ಕೇಳುತ್ತದೆ. ವೈರ್‌ಲೆಸ್‌ನಲ್ಲಿ ಕರೆದರೆ ಅಕ್ಕಪಕ್ಕ ಆ ಚಾನೆಲ್ ಹಾಕಿಕೊಂಡ ಎಲ್ಲರಿಗೂ ಕೇಳುತ್ತದೆ.

[ದೃಶ್ಯ: ಮೇಜಿನ ಮೇಲೆ ಎರಡು ಸೆಟ್. ಒಂದು ಮಾಮೂಲಿ ವಾಕಿಟಾಕಿ, ಇನ್ನೊಂದು ಮೆರೈನ್ ವಿಎಚ್‌ಎಫ್.]

ಇವೆರಡೂ ನೋಡಲು ಒಂದೇ ಥರ, ಅಲ್ವಾ? ಎಡಗಡೆಯದು ಲೈಸೆನ್ಸ್ ಬೇಡದ ವಾಕಿಟಾಕಿ. 446 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತದೆ. ಮದುವೆ ಛತ್ರಕ್ಕೆ, ಚಾರಣಕ್ಕೆ ಸರಿ. ಕಡಲಲ್ಲಿ ಆ ರೇಡಿಯೋ ಅಲೆಗೆ ಕಿವಿಗೊಟ್ಟು ಕೂತವರು ಯಾರೂ ಇಲ್ಲ. ಬಲಗಡೆಯದು ಮೆರೈನ್ ವಿಎಚ್‌ಎಫ್, ಅಂದರೆ ಕಡಲಿಗೆಂದೇ ಇರುವ ವೈರ್‌ಲೆಸ್. ಇದರಲ್ಲಿ ಚಾನೆಲ್ 16 ಇದೆ, ಅಂದರೆ 156.8 ಮೆಗಾಹರ್ಟ್ಸ್. ಪ್ರಪಂಚದ ಯಾವ ಕಡಲಿಗೆ ಹೋದರೂ ಅಪಾಯದ ಕರೆಗೆ ಇದೇ ಚಾನೆಲ್. ಕೋಸ್ಟ್ ಗಾರ್ಡ್ ಕೇಳುತ್ತಿರುತ್ತದೆ, ಹಾದುಹೋಗುವ ಹಡಗುಗಳೂ ಕೇಳುತ್ತಿರುತ್ತವೆ. ಹಾಗಾಗಿ ದುಡ್ಡು ಹಾಕುವುದಾದರೆ ಬಲಗಡೆಯ ಸೆಟ್‌ಗೆ ಮಾತ್ರ ಹಾಕಿ.

ಅಂಗಡಿಯಲ್ಲಿ ಮೊದಲು ಕೇಳುವ ಪ್ರಶ್ನೆ 'ಎಷ್ಟು ದೂರ ಹೋಗುತ್ತೆ?' ಅಂತ. 'ಎಷ್ಟು ವ್ಯಾಟ್?' ಅಂತಲೂ ಕೇಳುತ್ತೇವೆ. ಕೈಯಲ್ಲಿ ಹಿಡಿಯುವ ಸೆಟ್ 5 ಅಥವಾ 6 ವ್ಯಾಟ್, ಬೋಟಿಗೆ ಕೂರಿಸುವ ಸೆಟ್ 25 ವ್ಯಾಟ್. ಆದರೆ ವಿಎಚ್‌ಎಫ್‌ನಲ್ಲಿ ವ್ಯಾಟ್‌ಗಿಂತ ಎತ್ತರ ಮುಖ್ಯ. ಈ ರೇಡಿಯೋ ಅಲೆ ಹೆಚ್ಚುಕಡಿಮೆ ನೇರವಾಗಿ ಹೋಗುತ್ತದೆ. ಭೂಮಿ ಗುಂಡಗಿದೆ, ಸ್ವಲ್ಪ ದೂರದ ಆಚೆ ನೀರೇ ಅಡ್ಡ ಬರುತ್ತದೆ.

[ದೃಶ್ಯ: ಸರಳ ಚಿತ್ರ. ಬಾಗಿದ ಕಡಲು, ಎರಡು ದೋಣಿ, ಒಂದು ಗುಡ್ಡ.]

ಲೆಕ್ಕ ಸುಲಭ. ಆಂಟೆನಾ ನೀರಿನಿಂದ ಎಷ್ಟು ಮೀಟರ್ ಮೇಲಿದೆಯೋ ಅದರ ವರ್ಗಮೂಲವನ್ನು 4.1ರಿಂದ ಗುಣಿಸಿ. ಬರುವುದು ಕಿಲೋಮೀಟರ್. ದೋಣಿಯಲ್ಲಿ ಕೂತವರ ಕೈಯ ಸೆಟ್ 1 ಮೀಟರ್ ಎತ್ತರದಲ್ಲಿದ್ದರೆ 4 ಕಿಲೋಮೀಟರ್. ಎದುರಿಗೂ ಅಂಥದ್ದೇ ದೋಣಿ ಇದ್ದರೆ ಎರಡೂ ಸೇರಿ 8. ಎದುರಿಗಿರುವ ಬೋಟಿನ ಆಂಟೆನಾ 9 ಮೀಟರ್ ಎತ್ತರದಲ್ಲಿದ್ದರೆ ಅದರ 12, ನಿಮ್ಮ 4 ಸೇರಿ 16. ದಡದ 100 ಮೀಟರ್ ಗುಡ್ಡದ ಮೇಲೆ ಆಂಟೆನಾ ಇದ್ದರೆ 45. ಇದು ಎಲ್ಲ ಸರಿಯಿದ್ದಾಗಿನ ಮಾತು. ಅಲೆಯ ತಗ್ಗಿಗೆ ಇಳಿದಾಗ ಇಷ್ಟು ಸಿಗುವುದಿಲ್ಲ. ಹಾಗಾಗಿ ಕರೆಯುವಾಗ ಸಾಧ್ಯವಾದರೆ ಎದ್ದು ನಿಲ್ಲಿ, ಆಂಟೆನಾ ನೆಟ್ಟಗೆ ಹಿಡಿಯಿರಿ. ದೋಣಿಯಲ್ಲಿ ಬ್ಯಾಟರಿ ಇದೆ, ಒಂದು ಕಂಬ ನಿಲ್ಲಿಸಬಹುದು ಅಂದರೆ ಕೂರಿಸುವ ಸೆಟ್ ಒಳ್ಳೆಯದೇ. ಆದರೂ ತೆರೆದ ಸಣ್ಣ ದೋಣಿಗೆ ನಾನು ಮೊದಲು ಹೇಳುವುದು ಕೈ ಸೆಟ್. ದೋಣಿ ಮಗುಚಿದರೆ ಕೂರಿಸಿದ್ದು ದೋಣಿಯ ಜೊತೆಗೇ ನೀರಿಗೆ ಹೋಗುತ್ತದೆ. ಕೈ ಸೆಟ್ ನಿಮ್ಮ ಜೊತೆ ಉಳಿಯುತ್ತದೆ.

[ದೃಶ್ಯ: ನೀರು ತುಂಬಿದ ಬಕೆಟ್. ಸೆಟ್ ಒಳಗೆ ಬೀಳುತ್ತದೆ, ಮೇಲಕ್ಕೆ ಬಂದು ತೇಲುತ್ತದೆ.]

ಪೆಟ್ಟಿಗೆಯ ಮೇಲೆ ಐಪಿಎಕ್ಸ್7 ಅಂತ ಇರುತ್ತದೆ. ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ಇದ್ದರೂ ಒಳಗೆ ನೀರು ಹೋಗಬಾರದು. ಆದರೆ ತೇಲುತ್ತದೆ ಅಂತ ಅರ್ಥ ಅಲ್ಲ! ಐಪಿಎಕ್ಸ್8 ಇದ್ದರೂ ಮುಳುಗಬಹುದು. 'ತೇಲುತ್ತದೆ' ಅಂತ ಬೇರೆಯಾಗಿ ಬರೆದಿದೆಯಾ ನೋಡಿ. ಕಡಲಿಂದ ಬಂದ ಮೇಲೆ ಸಿಹಿನೀರಲ್ಲಿ ತೊಳೆದು ಒರೆಸಿ, ಆಮೇಲೆ ಚಾರ್ಜ್‌ಗೆ ಹಾಕಿ. ಉಪ್ಪು ಮೊದಲು ತಿನ್ನುವುದು ಚಾರ್ಜಿಂಗ್ ತಗಡುಗಳನ್ನೇ.

ಇನ್ನು ಕೆಂಪು ಗುಂಡಿ. ಸ್ವಲ್ಪ ಜಾಸ್ತಿ ಬೆಲೆಯ ಸೆಟ್‌ಗಳಲ್ಲಿ ಡಿಎಸ್‌ಸಿ (ಅಪಾಯದ ಕರೆಯನ್ನು ತಾನಾಗಿ ಕಳಿಸುವ ವ್ಯವಸ್ಥೆ), ಜಿಪಿಎಸ್ ಎರಡೂ ಇರುತ್ತವೆ. ಮುಚ್ಚಳ ತೆಗೆದು ಗುಂಡಿಯನ್ನು ಒತ್ತಿ ಹಿಡಿದರೆ ಚಾನೆಲ್ 70ರಲ್ಲಿ ನಿಮ್ಮ ಗುರುತು ಮತ್ತು ಜಾಗ ತಾನಾಗಿ ಹೋಗುತ್ತದೆ. ಕೈ ನಡುಗುವಾಗ, ಮಾತು ಹೊರಡದಾಗ ಇದು ದೊಡ್ಡ ಆಸರೆ. ಆದರೆ ಅದಕ್ಕೆ ಎಂಎಂಎಸ್‌ಐ ಅನ್ನುವ 9 ಅಂಕಿಯ ನಂಬರ್ ಹಾಕಿಸಲೇಬೇಕು. ನಮ್ಮ ದೇಶದ ದೋಣಿ, ಹಡಗುಗಳ ನಂಬರ್ 419ರಿಂದ ಶುರುವಾಗುತ್ತದೆ. ಈ ನಂಬರ್ ಹಾಕದಿದ್ದರೆ ಗುಂಡಿ ಒತ್ತಿದರೂ ಕರೆ ಹೋಗುವುದಿಲ್ಲ. ಸೆಟ್‌ಗೂ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಬೇಕು. ಕಾಗದಪತ್ರ ಮಾಡಿಸಿಕೊಡದ ಅಂಗಡಿಯಲ್ಲಿ ಕೊಳ್ಳಬೇಡಿ.

[ದೃಶ್ಯ: ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಕರೆಯ ಮಾತುಗಳು.]

ಕರೆಯುವುದು ಹೀಗೆ. ಚಾನೆಲ್ 16, ಪೂರ್ತಿ ಪವರ್. 'ಮೇಡೇ, ಮೇಡೇ, ಮೇಡೇ.' ದೋಣಿಯ ಹೆಸರು ಮೂರು ಸಲ. ಎಲ್ಲಿದ್ದೀರಿ, ಏನಾಗಿದೆ, ಎಷ್ಟು ಜನ ಇದ್ದೀರಿ. ಆಮೇಲೆ ಗುಂಡಿ ಬಿಟ್ಟು ಕೇಳಿಸಿಕೊಳ್ಳಿ. ಒತ್ತಿಕೊಂಡೇ ಇದ್ದರೆ ಉತ್ತರ ಕೇಳಿಸುವುದಿಲ್ಲ. ಕನ್ನಡ, ತುಳು, ಕೊಂಕಣಿ ಯಾವುದಾದರೂ ಸರಿ, ಪಕ್ಕದ ದೋಣಿಗೆ ಅರ್ಥವಾಗುತ್ತದೆ. ಆದರೆ ಹೊರದೇಶದ ಹಡಗು ಹಾದುಹೋಗುತ್ತಿರಬಹುದು. ಅವರಿಗಾಗಿ 'ಮೇಡೇ' ಅನ್ನುವ ಮಾತು, ಜಾಗದ ಅಂಕಿಗಳನ್ನು ಇಂಗ್ಲಿಷ್‌ನಲ್ಲಿ ಹೇಳುವುದು, ಇವೆರಡನ್ನು ದೋಣಿಯಲ್ಲಿರುವ ಪ್ರತಿಯೊಬ್ಬರಿಗೂ ಕಲಿಸಿಡಿ. ದೋಣಿ ನಡೆಸುವ ತಾಂಡೇಲರೇ ನೀರಿಗೆ ಬಿದ್ದಿರಬಹುದು.

ತುಂಬ ದೂರ ಹೋಗುವವರಿಗೆ ವಿಎಚ್‌ಎಫ್ ಒಂದೇ ಸಾಲದು. ಇಸ್ರೋ ರೂಪಿಸಿದ ಡಿಎಟಿ ಅನ್ನುವ ಉಪಕರಣ ಉಪಗ್ರಹದ ಮೂಲಕ ಕೋಸ್ಟ್ ಗಾರ್ಡ್‌ಗೆ ಅಪಾಯದ ಸಂದೇಶ ತಲುಪಿಸುತ್ತದೆ. 2024ರಲ್ಲಿ ಬಂದ ಎರಡನೇ ಪೀಳಿಗೆಯದರಲ್ಲಿ 'ನಿಮ್ಮ ಸಂದೇಶ ತಲುಪಿದೆ' ಅನ್ನುವ ಉತ್ತರವೂ ವಾಪಸ್ ಬರುತ್ತದೆ. ನೀರಿನ ನಡುವೆ ಕಾಯುವವರಿಗೆ ಆ ಒಂದು ಉತ್ತರ ಎಷ್ಟು ಧೈರ್ಯ ಕೊಡುತ್ತದೆ ಅಂತ ಯೋಚಿಸಿ.

[ದೃಶ್ಯ: ಲೈಫ್ ಜಾಕೆಟ್‌ಗೆ ದಾರದಿಂದ ಸೆಟ್ ಕಟ್ಟುತ್ತಿರುವ ಕೈಗಳು.]

ಸೆಟ್ ಬುತ್ತಿಪೆಟ್ಟಿಗೆಯಲ್ಲಿ ಬೇಡ, ಬಲೆಯ ಕೆಳಗೂ ಬೇಡ. ಲೈಫ್ ಜಾಕೆಟ್‌ಗೆ ಕಟ್ಟಿ. ಆ ಜಾಕೆಟ್ ಮೈಮೇಲಿರಲಿ. ಮನೆಯ ಗೋಡೆಯ ಮೇಲೆ ಕೋಸ್ಟ್ ಗಾರ್ಡ್‌ನ 1554 ನಂಬರ್ ಬರೆದು, ಅದರ ಕೆಳಗೆ ಇವತ್ತು ಎಷ್ಟು ಗಂಟೆಗೆ ವಾಪಸ್ ಬರುತ್ತೀರಿ ಅಂತ ಬರೆದು ಹೊರಡಿ.