ಗಡ್ಡೆ ಯಾರನ್ನು ಕರೆಯುತ್ತದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ತೊಡೆಯಲ್ಲೊಂದು ಗಂಟು ಕಾಣಿಸಿಕೊಳ್ಳುತ್ತದೆ. ನೋವಿಲ್ಲ, ಜ್ವರವಿಲ್ಲ. ಅಡಿಕೆ ಕೊಯ್ಲು ಮುಗಿಯಲಿ, ಮಗಳ ಮದುವೆ ಕಳೆಯಲಿ ಎಂದು ದಿನ ದೂಡುತ್ತೇವೆ. ಬೆಳ್ತಂಗಡಿಯಿಂದಲೋ ಕುಂದಾಪುರದಿಂದಲೋ ಹೊರಟು ಮಂಗಳೂರಿನ ಅಥವಾ ಮಣಿಪಾಲದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅದು ಮುಷ್ಟಿಗಾತ್ರ ಆಗಿರುತ್ತದೆ. "ನೋವೇ ಇರಲಿಲ್ಲ ಡಾಕ್ಟ್ರೇ, ಕೊಬ್ಬಿನ ಗಂಟು ಅಂದುಕೊಂಡೆವು" ಎನ್ನುತ್ತಾರೆ. ಹಾಗೆ ಅಂದುಕೊಳ್ಳುವುದು ಸಹಜವೇ. ಇಂಥ ಗಂಟುಗಳಲ್ಲಿ ಬಹುಪಾಲು ನಿರುಪದ್ರವಿಗಳು. ಅಪರೂಪಕ್ಕೊಂದು ಮಾತ್ರ ಸಾರ್ಕೋಮಾ, ಅಂದರೆ ಮೃದು ಅಂಗಾಂಶದ ಕ್ಯಾನ್ಸರ್ ಆಗಿರುತ್ತದೆ.

ಕೊಬ್ಬು, ಸ್ನಾಯು, ನರದ ಹೊದಿಕೆ, ರಕ್ತನಾಳ, ಇವೆಲ್ಲ ಮೃದು ಅಂಗಾಂಶಗಳು. ದೊಡ್ಡವರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಇವುಗಳ ಸಾರ್ಕೋಮಾಗಳ ಪಾಲು ಸುಮಾರು ಶೇಕಡ 1. ಪಾಲು ಚಿಕ್ಕದು, ಬಗೆಗಳು ಮಾತ್ರ 50ಕ್ಕೂ ಹೆಚ್ಚು. ಗಂಟು 5 ಸೆಂಟಿಮೀಟರಿಗಿಂತ ದೊಡ್ಡದಿದ್ದರೆ, ಬೆಳೆಯುತ್ತಲೇ ಇದ್ದರೆ, ಸ್ನಾಯುವಿನ ಆಳದಲ್ಲಿದ್ದರೆ ಸ್ಕ್ಯಾನ್ ಆಗಬೇಕು, ಸೂಜಿಯಿಂದ ಚೂರು ತೆಗೆದು ಬಯಾಪ್ಸಿ ಆಗಬೇಕು. ಅದಕ್ಕೆ ಮೊದಲೇ ಕತ್ತರಿಸಿ ತೆಗೆಸಿಬಿಡುವ ಅವಸರ ಬೇಡ.

ಬಯಾಪ್ಸಿ ರಿಪೋರ್ಟು ಕೈಗೆ ಬಂದ ಮೇಲೆ ಮನೆಯವರು ಕೇಳುವುದು ಒಂದೇ ಪ್ರಶ್ನೆ: "ಮುಂದೆ ಹೇಗೆ?" ಉತ್ತರಕ್ಕೆ, ಗಡ್ಡೆಯ ಚೂರು ಪರೀಕ್ಷಿಸುವ ನಾವು ಪೆಥಾಲಜಿಯವರು ಇವತ್ತಿಗೂ ನೆಚ್ಚಿಕೊಂಡಿರುವುದು ಸೂಕ್ಷ್ಮದರ್ಶಕವನ್ನೇ. ಗಡ್ಡೆಯ ಜೀವಕೋಶಗಳು ಮೂಲ ಅಂಗಾಂಶವನ್ನು ಎಷ್ಟು ಹೋಲುತ್ತವೆ, ಎಷ್ಟು ಕೋಶಗಳು ಒಡೆದು ಎರಡಾಗುತ್ತಿವೆ, ಎಷ್ಟು ಭಾಗ ಸತ್ತುಹೋಗಿದೆ, ಈ ಮೂರನ್ನು ಕೂಡಿಸಿ ಗ್ರೇಡ್ ಒಂದು, ಎರಡು, ಮೂರು ಎಂದು ಬರೆಯುತ್ತೇವೆ. ಒಳ್ಳೆಯ ಪದ್ಧತಿಯೇ. ಆದರೂ ಒಂದೇ ಗ್ರೇಡಿನ, ಒಂದೇ ಅಳತೆಯ ಗಡ್ಡೆಯಿದ್ದ ಇಬ್ಬರಲ್ಲಿ ಒಬ್ಬರು ಹತ್ತು ವರ್ಷ ಆರಾಮಾಗಿರುತ್ತಾರೆ, ಇನ್ನೊಬ್ಬರ ಶ್ವಾಸಕೋಶದಲ್ಲಿ ಎರಡೇ ವರ್ಷದೊಳಗೆ ಮತ್ತೆ ಕಾಣಿಸಿಕೊಳ್ಳುತ್ತದೆ. ಈ ವ್ಯತ್ಯಾಸದ ಸುಳಿವು ಹುಡುಕುತ್ತ ಹೋದವರು ಕೀಮೊಕೈನ್‌ಗಳ ಬಳಿ ಬಂದು ನಿಂತಿದ್ದಾರೆ.

ಕೀಮೊಕೈನ್ ಅಂದರೆ ಜೀವಕೋಶಗಳು ಹೊರಗೆ ಸುರಿಸುವ ತೀರಾ ಪುಟ್ಟ ಪ್ರೋಟೀನು. ನಮ್ಮ ದೇಹದಲ್ಲಿ ಸುಮಾರು 50 ಬಗೆಯವು ಇವೆ. ಬಿಳಿ ರಕ್ತಕಣಗಳನ್ನು ಕರೆಯುವುದು ಇವುಗಳ ಕೆಲಸ. ಮಲ್ಪೆಯ ಗಲ್ಲಿಯಲ್ಲಿ ಬಂಗುಡೆ ಹುರಿಯುವ ಪರಿಮಳ ಎಲ್ಲಿ ಗಾಢವಾಗುತ್ತದೋ ಅತ್ತ ಕಾಲು ಎಳೆಯುತ್ತದಲ್ಲ, ಬಿಳಿಕಣಗಳೂ ಹಾಗೆಯೇ ಕೀಮೊಕೈನ್ ದಟ್ಟವಾಗಿರುವ ದಿಕ್ಕಿಗೆ ಸರಿಯುತ್ತವೆ. ಆದರೆ ಎಲ್ಲ ಕಣಗಳಿಗೂ ಎಲ್ಲ ಕರೆ ತಟ್ಟುವುದಿಲ್ಲ. ಆಯಾ ಕೀಮೊಕೈನ್ ಹಿಡಿಯುವ ಗ್ರಾಹಕ ಯಾವ ಕಣದ ಮೈಮೇಲಿದೆಯೋ ಅದು ಮಾತ್ರ ಓಗೊಡುತ್ತದೆ. ಸಿಎಕ್ಸ್‌ಸಿಎಲ್ 9 ಮತ್ತು 10 ಎಂಬ ಕೀಮೊಕೈನ್‌ಗಳು ಕರೆಯುವುದು ಕ್ಯಾನ್ಸರ್ ಕೋಶ ಕೊಲ್ಲಬಲ್ಲ ಟಿ ಎಂಬ ಬಿಳಿಕಣಗಳನ್ನು. ಸಿಎಕ್ಸ್‌ಸಿಎಲ್ 13 ಕರೆಯುವುದು ಬಿ ಎಂಬ ಇನ್ನೊಂದು ಬಗೆಯ ಬಿಳಿಕಣಗಳನ್ನು. ಸಿಸಿಎಲ್ 2 ಕರೆದಾಗ ಬರುವ ಮಾನೋಸೈಟು ಎಂಬ ಬಿಳಿಕಣಗಳು ಎಷ್ಟೋ ಸಲ ಗಡ್ಡೆಯ ಪಕ್ಷವನ್ನೇ ಸೇರಿ ಅದಕ್ಕೆ ರಕ್ತನಾಳ ಬೆಳೆಸಿಕೊಡುತ್ತವೆ.

ಕ್ಯಾನ್ಸರ್ ಕೋಶವೂ ಇದೇ ವ್ಯವಸ್ಥೆಯನ್ನು ತನಗೆ ಬೇಕಾದಂತೆ ಬಳಸಿಕೊಳ್ಳುತ್ತದೆ. ಸ್ತನ ಕ್ಯಾನ್ಸರ್ ಕೋಶಗಳ ಮೈಮೇಲೆ ಸಿಎಕ್ಸ್‌ಸಿಆರ್ 4 ಎಂಬ ಗ್ರಾಹಕ ಹೇರಳವಾಗಿದೆ, ಅದನ್ನು ಕರೆಯುವ ಸಿಎಕ್ಸ್‌ಸಿಎಲ್ 12 ಶ್ವಾಸಕೋಶ, ಪಿತ್ತಜನಕಾಂಗ, ಮೂಳೆಮಜ್ಜೆಗಳಲ್ಲಿ ಹೆಚ್ಚು ಎಂದು 2001ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. ಅಂದರೆ ಕ್ಯಾನ್ಸರ್ ಎಲ್ಲೆಲ್ಲಿಗೋ ಕುರುಡಾಗಿ ಹರಡುವುದಿಲ್ಲ, ಕರೆ ಬಂದ ಕಡೆಗೆ ಹೋಗುತ್ತದೆ. ಮುಂದೆ ಸಾರ್ಕೋಮಾಗಳಲ್ಲೂ ಇದೇ ಗ್ರಾಹಕ ಹೆಚ್ಚಿದ್ದವರ ಸ್ಥಿತಿ ಒಟ್ಟಾರೆ ಕೆಟ್ಟದಿರುವುದು ಕಂಡುಬಂತು.

ನನಗೆ ಇದಕ್ಕಿಂತ ಕುತೂಹಲ ಹುಟ್ಟಿಸಿದ್ದು 2020ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನ. 608 ಮೃದು ಅಂಗಾಂಶ ಸಾರ್ಕೋಮಾಗಳ ಜೀನ್ ಚಟುವಟಿಕೆ ನೋಡಿ ಅವನ್ನು ಐದು ಗುಂಪು ಮಾಡಿದರು. ಒಂದು ತುದಿಯಲ್ಲಿ ರೋಗನಿರೋಧಕ ಕಣಗಳ ಸುಳಿವೇ ಇಲ್ಲದ ಗಡ್ಡೆಗಳು. ಇನ್ನೊಂದು ತುದಿಯಲ್ಲಿ ಸಿಎಕ್ಸ್‌ಸಿಎಲ್ 13 ಎದ್ದು ಕಾಣುವಷ್ಟು ಹೆಚ್ಚಿರುವ ಗಡ್ಡೆಗಳು. ಈ ಎರಡನೆಯವುಗಳ ಒಳಗೆ ಬಿ ಕಣಗಳು ಗುಂಪುಗೂಡಿ, ಸುತ್ತ ಟಿ ಕಣಗಳು ನೆರೆದು, ದುಗ್ಧಗ್ರಂಥಿಯಂಥದ್ದೇ ಒಂದು ತಾಣ ಕಟ್ಟಿಕೊಂಡಿರುತ್ತವೆ. ಸ್ಲೈಡಿನಲ್ಲಿ ನೋಡಿದರೆ ಗುಲಾಬಿ ಬಣ್ಣದ ಗಡ್ಡೆಯ ನಡುವೆ ಕಡುನೀಲಿ ಚುಕ್ಕೆಗಳ ದುಂಡನೆಯ ರಾಶಿ. ನಾವೆಲ್ಲ ಅದನ್ನು ಎಷ್ಟೋ ಕಾಲ "ಉರಿಯೂತವಿದೆ" ಎಂದು ಒಂದು ಸಾಲು ಬರೆದು ದಾಟಿಸಿದ್ದುಂಟು! ಆ ಗುಂಪಿನವರು ಉಳಿದವರಿಗಿಂತ ಹೆಚ್ಚು ಕಾಲ ಬದುಕಿದ್ದರು, ರೋಗನಿರೋಧಕ ಕಣಗಳನ್ನು ಕ್ಯಾನ್ಸರ್ ಮೇಲೆ ಎಬ್ಬಿಸುವ ಇಮ್ಯುನೊಥೆರಪಿ ಚಿಕಿತ್ಸೆಗೂ ಚೆನ್ನಾಗಿ ಸ್ಪಂದಿಸಿದ್ದರು. 2022ರಲ್ಲಿ ಇದನ್ನು ಚಿಕಿತ್ಸೆಯಲ್ಲೇ ಪರೀಕ್ಷಿಸಿದರು. ಇಂಥ ತಾಣಗಳಿರುವ ಗಡ್ಡೆಯವರನ್ನೇ ಆರಿಸಿ ಪೆಂಬ್ರೊಲಿಜುಮಾಬ್ ಎಂಬ ಇಮ್ಯುನೊಥೆರಪಿ ಔಷಧದ ಜೊತೆ ಕಡಿಮೆ ಪ್ರಮಾಣದಲ್ಲಿ ಸೈಕ್ಲೊಫಾಸ್ಫಮೈಡ್ ಎಂಬ ಹಳೆಯ ಕ್ಯಾನ್ಸರ್ ಔಷಧ ಕೊಟ್ಟಾಗ ನೂರರಲ್ಲಿ ಸುಮಾರು 30 ಮಂದಿಗೆ ಗಡ್ಡೆ ಕುಗ್ಗಿತು. ಆರಿಸದೆ ಕೊಟ್ಟಾಗ ಕುಗ್ಗಿದ್ದು ನೂರಕ್ಕೆ ಮೂವರಿಗೂ ಅಲ್ಲ.

ಇಷ್ಟು ಕೇಳಿದವರು ನಾಳೆಯೇ ಲ್ಯಾಬಿಗೆ ಹೋಗಿ ಕೀಮೊಕೈನ್ ಟೆಸ್ಟ್ ಮಾಡಿಕೊಡಿ ಎಂದು ಕೇಳಬೇಡಿ, ಮಾರಾಯ್ರೆ. ಅದಿನ್ನೂ ದಿನನಿತ್ಯದ ರಿಪೋರ್ಟಿನ ಭಾಗವಾಗಿಲ್ಲ. ಗಡ್ಡೆಯ ಚೂರನ್ನು ಅರೆದು, ಜೀನ್ ಚಟುವಟಿಕೆ ತೋರಿಸುವ ಆರ್‌ಎನ್‌ಎ ಅಳೆದಾಗ ಸಿಗುವ ಅಂಕಿ ಗಡ್ಡೆಯದೋ, ಅದರೊಳಗೆ ಸೇರಿಕೊಂಡ ಬಿಳಿಕಣದ್ದೋ ಎಂದು ಗೊತ್ತಾಗುವುದಿಲ್ಲ. ಹೆಚ್ಚು ಎಷ್ಟು, ಕಡಿಮೆ ಎಷ್ಟು ಎಂಬ ಗೆರೆಯನ್ನು ಒಬ್ಬೊಬ್ಬ ಸಂಶೋಧಕರು ಒಂದೊಂದು ಕಡೆ ಎಳೆದಿದ್ದಾರೆ. ರೋಗವೇ ಅಪರೂಪದ್ದು, ಸಾಕಷ್ಟು ಜನ ಸಿಗಬೇಕೆಂದು ಹತ್ತಾರು ಬಗೆಯ ಸಾರ್ಕೋಮಾಗಳನ್ನು ಒಂದೇ ಲೆಕ್ಕಕ್ಕೆ ಹಾಕಿದ ಅಧ್ಯಯನಗಳೂ ಇವೆ. ಕೊಬ್ಬಿನ ಗಡ್ಡೆಗೆ ಸರಿಹೊಂದಿದ ಮಾತು ಸ್ನಾಯುವಿನ ಗಡ್ಡೆಗೆ ಹೊಂದಲೇಬೇಕೆಂದಿಲ್ಲ. ಅಲ್ಲದೆ ಈ ಅಂಕಿಗಳೆಲ್ಲ ಗುಂಪಿನ ಕುರಿತ ಮಾತು. ನಿಮ್ಮ ಅಪ್ಪನಿಗೆ ಎಷ್ಟು ವರ್ಷ ಎಂದು ಯಾವ ಜೀನೂ ಹೇಳುವುದಿಲ್ಲ.

ಆದರೆ ಇಂದಿನ ಚೂರಿನ ಮೇಲೆ ನಾಳೆ ಈ ಪರೀಕ್ಷೆ ಮಾಡಲು ಸಾಧ್ಯವಾಗಬೇಕಾದರೆ ಅದು ಕೆಡದಂತೆ ಲ್ಯಾಬ್ ಸೇರಬೇಕು. ಗಡ್ಡೆ ದೇಹದಿಂದ ಹೊರಬಿದ್ದ ಕ್ಷಣದಿಂದಲೇ ಆರ್‌ಎನ್‌ಎ ತುಂಡಾಗತೊಡಗುತ್ತದೆ, ನಮ್ಮ ಕರಾವಳಿಯ ಸೆಕೆಯಲ್ಲಿ ಇನ್ನಷ್ಟು ಬೇಗ. ಸಣ್ಣ ಕ್ಲಿನಿಕ್ಕೊಂದರಿಂದ ಸಲೈನಿನಲ್ಲಿ ಮುಳುಗಿಸಿದ ಗಡ್ಡೆ ಪ್ಲಾಸ್ಟಿಕ್ ಚೀಲದಲ್ಲಿ ಬಸ್ಸಿನ ಸೀಟಿನಡಿ ಕುಳಿತು ನಮ್ಮ ಮೇಜಿಗೆ ಬಂದದ್ದೂ ಇದೆ. ಅಂಥದ್ದರಲ್ಲಿ ಜೀನ್ ಬಿಡಿ, ಗ್ರೇಡ್ ಹೇಳುವುದೂ ಕಷ್ಟ. ಚೂರು ಕೆಡದಂತೆ ಕಾಯುವ ಫಾರ್ಮಲಿನ್ ದ್ರವವನ್ನು ಗಡ್ಡೆಯ ಹತ್ತು ಪಟ್ಟು ಹಿಡಿಯುವ ಅಗಲ ಬಾಯಿಯ ಡಬ್ಬಿ ಬೇಕು, ಗಡ್ಡೆ ತೆಗೆದ ಒಂದು ಗಂಟೆಯೊಳಗೆ ಅದಕ್ಕೆ ಹಾಕಬೇಕು. ಡಬ್ಬಿಯ ಮೇಲೆ ಹೆಸರು, ಯಾವ ಜಾಗದ ಗಡ್ಡೆ, ತೆಗೆದ ಹೊತ್ತು ಬರೆದಿರಬೇಕು, ಮುಚ್ಚಳದ ಮೇಲೆ ಅಲ್ಲ, ಮುಚ್ಚಳ ಅದಲುಬದಲಾಗುತ್ತದೆ. ಆಮೇಲೆ ಲ್ಯಾಬಿನಲ್ಲಿ ಅದನ್ನು ಮೇಣದ ಬ್ಲಾಕ್ ಮಾಡಿ ಇಡುತ್ತಾರೆ. ಎರಡನೇ ಅಭಿಪ್ರಾಯಕ್ಕೆ ಬೇರೆ ಆಸ್ಪತ್ರೆಗೆ ಹೋಗುವಾಗ ಸ್ಲೈಡಿನ ಜೊತೆ ಈ ಬ್ಲಾಕನ್ನೂ ಕೇಳಿ ಪಡೆಯಿರಿ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಮಾತ್ರ ಬಿಡಬೇಡಿ. ಕೆಲಸ ಮುಗಿದ ಮೇಲೆ ಮೊದಲ ಲ್ಯಾಬಿಗೇ ಮರಳಿಸಿ, ಮರಳಿಸಿದ್ದಕ್ಕೆ ರಶೀದಿ ಇಟ್ಟುಕೊಳ್ಳಿ.

ನಮಸ್ಕಾರ.