16 ಕೆಟಲು ಮತ್ತು ಒಂದು ನಡತೆ ಪತ್ರ

ಕೇಳುಗರಿಗೆಲ್ಲ ನಮಸ್ಕಾರ.

ಅಡುಗೆಮನೆಯಲ್ಲಿ ರೇಡಿಯೊ ಹಚ್ಚಿಟ್ಟುಕೊಂಡು ಕೆಲಸ ಮಾಡುತ್ತಿರುವವರೇ, ಇವತ್ತಿನ ಮಾತು ನಿಮಗೇ ಅಂದುಕೊಳ್ಳಿ. ಪಾತ್ರೆ ತಿಕ್ಕುತ್ತಲೇ ಕೇಳಿ, ಪರವಾಗಿಲ್ಲ. ನಾನು ಹೇಳಲಿರುವುದೂ ಪಾತ್ರೆ ತಿಕ್ಕುತ್ತಿದ್ದ ಒಬ್ಬ ಹುಡುಗಿಯ ಕಥೆಯನ್ನೇ.

ಇಂಗ್ಲೆಂಡಿನ ಸಿರಿವಂತ ಜಮೀನ್ದಾರರ ಮನೆಗಳು. ಲಾರ್ಡ್, ಲೇಡಿ, ಬ್ಯಾರನೆಟ್ ಅಂತೆಲ್ಲ ಬಿರುದು ಇದ್ದವರು. ಕಾಲ, ಸುಮಾರು ನೂರೈವತ್ತು ವರ್ಷದ ಹಿಂದೆ. ಇಂಥ ಮನೆಗಳನ್ನು ನೀವು ಸಿನಿಮಾದಲ್ಲೋ ಟಿವಿಯಲ್ಲೋ ನೋಡಿರುತ್ತೀರಿ. ಬಿಳಿ ಏಪ್ರನ್ ಕಟ್ಟಿದ ಹುಡುಗಿಯರು, ಬೆಳ್ಳಿ ತಟ್ಟೆ ಹಿಡಿದ ಬಟ್ಲರ್, ನಡುವೆ ಪ್ರೀತಿಯ ಯಜಮಾನರು. ಎಲ್ಲರೂ ಒಂದೇ ಕುಟುಂಬದ ಹಾಗೆ. ‘ಎಷ್ಟು ಚೆನ್ನಾಗಿತ್ತಲ್ವಾ ಆ ಕಾಲ’ ಅನ್ನುತ್ತಾರೆ ಜನ. ನನಗೆ ಆ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಆ ಆಳುಗಳ ಬದುಕಿನ ಬಗ್ಗೆ ವರ್ಷಗಟ್ಟಲೆ ಓದಿಕೊಂಡು ಬಂದವಳು ನಾನು. ಅವರನ್ನು ಆ ಮನೆಯಲ್ಲಿ ಹಿಡಿದಿಟ್ಟದ್ದು ಪ್ರೀತಿಯಲ್ಲ. ಸಂಬಳವೂ ಅಲ್ಲ. ಒಂದು ಕಾಗದ.

ಆ ಕಾಗದಕ್ಕೆ ಅವರು ‘ಕ್ಯಾರೆಕ್ಟರ್’ ಅನ್ನುತ್ತಿದ್ದರು. ನಾವು ನಡತೆ ಪತ್ರ ಅನ್ನೋಣ.

ಒಂದು ಮನೆ ಬಿಟ್ಟು ಇನ್ನೊಂದು ಮನೆ ಸೇರಬೇಕಾದರೆ ಹಳೆಯ ಯಜಮಾನಿ ನಿಮ್ಮ ಬಗ್ಗೆ ಒಳ್ಳೆಯ ಮಾತು ಬರೆಯಬೇಕು. ಹೊಸ ಯಜಮಾನಿ ಹಳೆಯ ಯಜಮಾನಿಗೆ ಪತ್ರ ಹಾಕಿ ಕೇಳುತ್ತಾಳೆ, ಇಲ್ಲವೇ ಗಾಡಿ ಕಟ್ಟಿಸಿಕೊಂಡು ಹೋಗಿ ವಿಚಾರಿಸುತ್ತಾಳೆ. ಕೈ ಸ್ವಚ್ಛವೇ? ಕುಡಿಯುತ್ತಾಳೆಯೇ? ಬೆಳಿಗ್ಗೆ ಬೇಗ ಏಳುತ್ತಾಳೆಯೇ? ಯಾಕೆ ಬಿಡುತ್ತಿದ್ದಾಳೆ? ಮಾತೆಲ್ಲ ಆ ಇಬ್ಬರ ನಡುವೆ ಮುಗಿಯುತ್ತದೆ. ಯಾರ ಬಗ್ಗೆ ಮಾತೋ, ಎಷ್ಟೋ ಸಲ ಅವಳಿಗೆ ಆ ಕಾಗದ ಕಣ್ಣಿಗೂ ಬೀಳುತ್ತಿರಲಿಲ್ಲ. ಆದರೆ ಆ ಮಾತು ಬಾರದೆ ಯಾವ ಒಳ್ಳೆಯ ಮನೆಯ ಬಾಗಿಲೂ ತೆರೆಯುತ್ತಿರಲಿಲ್ಲ. ಇದೊಂದು ನೆನಪಿಟ್ಟುಕೊಳ್ಳಿ, ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ಮೊದಲು ಮನೆಯೊಳಗಿನ ಮೇಲು ಕೀಳನ್ನು ಬೇಗ ಹೇಳಿಬಿಡುತ್ತೇನೆ. ಗಂಡಾಳುಗಳಿಗೆ ಬಟ್ಲರ್ ದೊಡ್ಡವನು, ಹೆಣ್ಣಾಳುಗಳಿಗೆ ಹೌಸ್‌ಕೀಪರ್ ದೊಡ್ಡವಳು. ಮದುವೆ ಆಗಿರಲಿ ಬಿಡಲಿ, ಹೌಸ್‌ಕೀಪರನ್ನು ‘ಮಿಸೆಸ್’ ಅಂತಲೇ ಕರೆಯಬೇಕು. ಸೊಂಟದಲ್ಲಿ ಬೀಗದ ಕೈ ಗೊಂಚಲು. ಚಹಾಪುಡಿ ಕೂಡ ಬೀಗ ಹಾಕಿದ ಪೆಟ್ಟಿಗೆಯಲ್ಲಿ. ಇವರ ಕೆಳಗೆ ಊಟ ಬಡಿಸುವ, ಬಾಗಿಲು ತೆರೆಯುವ ಗಂಡಾಳುಗಳಾದ ಫುಟ್‌ಮನ್‌ಗಳು, ಕೋಣೆ ಕೆಲಸದ ಹುಡುಗಿಯರು, ಬಟ್ಟೆ ಒಗೆಯುವವರು, ಅಡುಗೆಮನೆಯವರು. ಎಲ್ಲರಿಗಿಂತ ಕೆಳಗೆ ಪಾತ್ರೆ ತೊಳೆಯುವ ಹುಡುಗಿ. ಊಟಕ್ಕೆ ಕೂರುವುದೂ ಈ ಅಂತಸ್ತಿನ ಪ್ರಕಾರವೇ. ಎಷ್ಟೋ ಮನೆಗಳಲ್ಲಿ ಮಾಂಸದೂಟ ಮುಗಿದ ಮೇಲೆ ದೊಡ್ಡ ಆಳುಗಳು ಎದ್ದು ಹೌಸ್‌ಕೀಪರ್ ಕೋಣೆಗೆ ಹೋಗಿ ಸಿಹಿ ತಿನ್ನುತ್ತಿದ್ದರು. ಚಿಕ್ಕವರು ಕೂತಲ್ಲೇ ಕೂರಬೇಕು.

1861ರಲ್ಲಿ ಅಚ್ಚಾದ ಹೆಸರಾಂತ ಮನೆವಾರ್ತೆ ಪುಸ್ತಕವೊಂದರಲ್ಲಿ ಸಂಬಳದ ಪಟ್ಟಿ ಇದೆ. ಹೌಸ್‌ಕೀಪರ್‌ಗೆ 20ರಿಂದ 45 ಪೌಂಡು. ಪಾತ್ರೆ ತೊಳೆಯುವ ಹುಡುಗಿಗೆ 5ರಿಂದ 9 ಪೌಂಡು. ತಿಂಗಳಿಗಲ್ಲ, ವರ್ಷಕ್ಕೆ! ಊಟ, ಮಲಗುವ ಜಾಗ ಮನೆಯಲ್ಲೇ ಅನ್ನಿ. ಆದರೆ ಫುಟ್‌ಮನ್‌ಗೆ ಜರಿಯಂಚಿನ ಉಡುಪು ಮನೆಯವರೇ ಹೊಲಿಸಿಕೊಟ್ಟರೆ, ಹುಡುಗಿಯರು ಬಟ್ಟೆ ತಾವೇ ತರಬೇಕು. ಬೆಳಗಿನ ಕೆಲಸಕ್ಕೆ ಚೀಟಿ ಬಟ್ಟೆಯ ಫ್ರಾಕು, ಮಧ್ಯಾಹ್ನದ ಮೇಲೆ ಕಪ್ಪು ಫ್ರಾಕು, ಟೋಪಿ, ಏಪ್ರನ್. ಮೊದಲ ಸಂಬಳ ಕೈಗೆ ಬರುವ ಮೊದಲೇ ತಾಯಿ ಸಾಲ ಮಾಡಿ ಪೆಟ್ಟಿಗೆ ತುಂಬಿಸಿ ಕಳಿಸಬೇಕಿತ್ತು.

ಪಾತ್ರೆ ತಿಕ್ಕುತ್ತಿದ್ದ ಹುಡುಗಿ ಅಂದೆನಲ್ಲ, ಈಗ ಅವಳ ಕಥೆಗೆ, ಹ್ಯಾನಾ ಕಲ್ವಿಕ್ ಕಥೆಗೆ ಬರುತ್ತೇನೆ. ಎಲ್ಲಿ ಮಾತಾಡಲು ಕರೆದರೂ ಇವಳ ಕಥೆ ಹೇಳದೆ ನಾನು ಎದ್ದು ಬರುವುದಿಲ್ಲ.

ಹ್ಯಾನಾ ಹುಟ್ಟಿದ್ದು 1833ರಲ್ಲಿ, ಶ್ರಾಪ್‌ಶೈರಿನ ಶಿಫ್ನಲ್ ಎಂಬ ಊರಲ್ಲಿ. ಅಪ್ಪ ಕುದುರೆ ಜೀನು ಮಾಡುವವನು. ಅಮ್ಮ ಮದುವೆಗೆ ಮೊದಲು ದೊಡ್ಡ ಮನೆಯಲ್ಲಿ ಊಳಿಗದವಳು. ಎಂಟು ವರ್ಷಕ್ಕೆ ಹ್ಯಾನಾ ಕೆಲಸಕ್ಕೆ ನಿಂತಳು. ಹದಿನಾಲ್ಕರ ಹೊತ್ತಿಗೆ ಅಪ್ಪ ಅಮ್ಮ ಇಬ್ಬರೂ ಹೋದರು. ಆಗ ಅವಳು ಪಕ್ಕದ ಊರಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ತಮ್ಮ ತಂಗಿಯರನ್ನು ನೋಡಿ ಬರುತ್ತೇನೆ ಅಂತ ಕೇಳಿದಳು. ನಡೆದು ಹೋಗುವಷ್ಟೇ ದೂರ. ಕಳಿಸಲಿಲ್ಲ.

ಹದಿನೇಳರ ಆಸುಪಾಸಿನಲ್ಲಿ ಸ್ಟಾಫರ್ಡ್‌ಶೈರಿನ ಆಕ್ವಲೇಟ್ ಹಾಲ್ ಎಂಬ ದೊಡ್ಡ ಮನೆಗೆ ಸೇರಿದಳು. ಬ್ಯಾರನೆಟ್ ಮನೆತನ. ಕೋಣೆ ಕೆಲಸದ ಕಿರಿಯ ಹುಡುಗಿ. ಇಷ್ಟು ದಿನ ಚಿಕ್ಕ ಪುಟ್ಟ ಮನೆಗಳಲ್ಲಿ ಒಲೆ, ಕೂಸು, ಕೊಳಕು ಅಂತ ಬೆಳೆದವಳಿಗೆ ಇದು ದೊಡ್ಡ ಬಡ್ತಿ. ಕೆಲಸ ಕಲಿಯಲು ಬಹಳ ಕಷ್ಟಪಟ್ಟಳು. ಚಳಿಗಾಲ ಕಳೆಯಿತು.

ಈಗ ಕೆಟಲಿಗೆ ಬರೋಣ. ಆ ಮನೆಗಳಲ್ಲಿ ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತಿರಲಿಲ್ಲ. ಯಾರಾದರೂ ಕಾಯಿಸಬೇಕು, ಯಾರಾದರೂ ಹೊರಬೇಕು. ಒಂದೊಂದು ಮಲಗುವ ಕೋಣೆಗೂ ಕೆಟಲು. ಆಕ್ವಲೇಟ್‌ನಲ್ಲಿ ಅಂಥವು 16 ಇದ್ದವು ಅಂತ ಹ್ಯಾನಾ ಬರೆದಿದ್ದಾಳೆ. ಬೆಂಕಿಯ ಮೇಲೆ ಕೂತ ಕೆಟಲಿನ ತಳ ಹೇಗಿರುತ್ತದೆ, ನಿಮಗೆ ಹೇಳಬೇಕಾಗಿಲ್ಲ. ಮಸಿ ಪದರಪದರವಾಗಿ ಕೂತಿರುತ್ತದೆ. ಸೌದೆ ಒಲೆಯ ಪಾತ್ರೆಗಳನ್ನು ನಾನು ಒಮ್ಮೆ ಒಂದರ ಮೇಲೊಂದು ತಿಕ್ಕಿ ನೋಡಿದ್ದೇನೆ, ಇವಳಿಗೋಸ್ಕರವೇ. ನಾಲ್ಕನೆಯದಕ್ಕೆ ಬೆರಳ ಸಂದಿ ಉರಿಯತೊಡಗಿತು. ಉಗುರಿನ ಕರಿ ಎರಡು ದಿನ ಹೋಗಲಿಲ್ಲ. ಅವಳು ಮುಗಿಸಬೇಕಾದ್ದು 16.

ಹ್ಯಾನಾ ಮತ್ತು ಇನ್ನೊಬ್ಬ ಹುಡುಗಿ ಒಟ್ಟಿಗೆ ಕೂತು ಕೆಟಲು ತಿಕ್ಕುತ್ತಿದ್ದರು. ಇಬ್ಬರೂ ಎಳೆಯರು. ತಿಕ್ಕುತ್ತಾ ತಿಕ್ಕುತ್ತಾ ಏನೋ ಆಟಕ್ಕೆ ತೊಡಗಿದರು. ಏನು ಆಟ ಅಂತ ಅವಳು ಬರೆದಿಲ್ಲ. ನಾನಂತೂ ಎಷ್ಟೋ ಸಲ ಊಹಿಸಿದ್ದೇನೆ. ಕೈಯ ಮಸಿಯನ್ನು ಒಬ್ಬರ ಕೆನ್ನೆಗೆ ಒಬ್ಬರು ಹಚ್ಚಿರಬಹುದು. ನೀರು ಎರಚಿರಬಹುದು. ಮನೆಯ ಲೇಡಿ ಅದನ್ನು ನೋಡಿದಳು. ಇಬ್ಬರಿಗೂ ಅಲ್ಲೇ ಕೆಲಸ ಬಿಡಲು ಹೇಳಿದಳು.

ಹ್ಯಾನಾ ಹೋಗಿ ಕೇಳಿಕೊಂಡಳು. ತಪ್ಪಾಯಿತು, ಕ್ಷಮಿಸಿ, ಇರಲು ಬಿಡಿ. ಲೇಡಿ ಗಟ್ಟಿಯಾಗಿ ಆಗಲ್ಲ ಅಂದಳು. ಅಷ್ಟೇ.

ಎಂಟು ತಿಂಗಳು ಕಲಿತದ್ದೆಲ್ಲ ಒಂದು ಮಧ್ಯಾಹ್ನಕ್ಕೆ ಹೋಯಿತು. ಹ್ಯಾನಾ ಕದ್ದಿರಲಿಲ್ಲ. ಕುಡಿದಿರಲಿಲ್ಲ. ಕೆಟಲು ತೊಳೆಯದೆ ಬಿಟ್ಟಿರಲಿಲ್ಲ. ಆದರೆ ಮುಂದಿನ ಮನೆಯವರು ‘ಯಾಕೆ ಬಿಟ್ಟಳು’ ಅಂತ ಕೇಳಿದರೆ, ಉತ್ತರ ಹೇಳುವವಳು ಅದೇ ಲೇಡಿ! ಆ ಕಾಗದ ಅಂದೆನಲ್ಲ, ಅದು ಇದೇ. ಹ್ಯಾನಾ ಮುಂದೆ ಇನ್ನೊಂದು ದೊಡ್ಡ ಮನೆ ಸೇರಿದಳು. ಯಾವ ಕೆಲಸಕ್ಕೆ? ಪಾತ್ರೆ ತೊಳೆಯಲು. ಏಣಿಯ ಕಟ್ಟಕಡೆಯ ಮೆಟ್ಟಿಲಿಗೆ.

ಇದೆಲ್ಲ ನಮಗೆ ಗೊತ್ತಾದದ್ದು ಅವಳು ಬರೆದಿಟ್ಟಿದ್ದರಿಂದ. 1854ರಿಂದ ಸುಮಾರು ಇಪ್ಪತ್ತು ವರ್ಷ ದಿನಚರಿ ಬರೆದಳು. ಎಷ್ಟು ಜೊತೆ ಬೂಟು ಪಾಲಿಶ್ ಮಾಡಿದೆ ಅಂತ ತಿಂಗಳ ಲೆಕ್ಕ ಇಡುತ್ತಿದ್ದಳು. ಆ ಹಸ್ತಪ್ರತಿಗಳು ಇವತ್ತಿಗೂ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿವೆ. ಲಕ್ಷಗಟ್ಟಲೆ ಹುಡುಗಿಯರು ಈ ಕೆಲಸ ಮಾಡಿದರು. ಬರೆದಿಟ್ಟವರು ಬೆರಳೆಣಿಕೆಯಷ್ಟು ಮಂದಿ.

ಸಮಯ ಸರಿಯುತ್ತಿದೆ, ಕಾನೂನಿನ ವಿಷಯ ಹೇಳಲೇಬೇಕು. ಹ್ಯಾನಾಗಿಂತ ಮೊದಲೇ, 1800ರಲ್ಲಿ, ಕೆಲಸ ಕಳೆದುಕೊಂಡ ಒಬ್ಬ ಹೆಂಗಸಿನ ಪರವಾಗಿ ಲಂಡನ್ನಿನ ಕೋರ್ಟಿನಲ್ಲಿ ದಾವೆ ಬಿತ್ತು. ಹಳೆಯ ಮನೆಯವರು ಅವಳಿಗೆ ಕ್ಯಾರೆಕ್ಟರ್ ಕೊಡಲು ಒಪ್ಪಿರಲಿಲ್ಲ, ಹಾಗಾಗಿ ಹೊಸ ಮನೆಯವರು ಸೇರಿಸಿಕೊಳ್ಳಲಿಲ್ಲ. ಮುಖ್ಯ ನ್ಯಾಯಾಧೀಶ ಲಾರ್ಡ್ ಕೆನ್ಯನ್ ಕೊಟ್ಟ ತೀರ್ಪು ಏನು ಗೊತ್ತೇ? ಕೊಡಲೇಬೇಕು ಅಂತ ಯಜಮಾನರ ಮೇಲೆ ಯಾವ ಕಟ್ಟುಪಾಡೂ ಇಲ್ಲ. ಕೆಟ್ಟದಾಗಿ ಬರೆದರೂ, ಬೇಕಂತಲೇ ಸುಳ್ಳು ಬರೆದದ್ದು ಅಂತ ತೋರಿಸದ ಹೊರತು ಕೇಸು ನಿಲ್ಲುವುದಿಲ್ಲ. ಅದೇ ಆಳು ಒಂದು ಸುಳ್ಳು ಪತ್ರ ಬರೆಸಿಕೊಂಡು ಬಂದರೆ? ಅದಕ್ಕೆ 1792ರಿಂದಲೇ ಕಾಯ್ದೆ ಇತ್ತು. 20 ಪೌಂಡು ದಂಡ, ಕಟ್ಟಲಾಗದಿದ್ದರೆ ಜೈಲು. ಪಾತ್ರೆ ತೊಳೆಯುವ ಹುಡುಗಿಗೆ 20 ಪೌಂಡು ಅಂದರೆ ಎಷ್ಟು ವರ್ಷದ ದುಡಿಮೆ, ಆಗಲೇ ಹೇಳಿದ ಸಂಬಳದಲ್ಲಿ ನೀವೇ ಲೆಕ್ಕ ಹಾಕಿ.

ಗಂಡಾಳುಗಳ ಬಗ್ಗೆ ಜಾಸ್ತಿ ಹೇಳಲು ಆಗುತ್ತಿಲ್ಲ. ಫುಟ್‌ಮನ್ ಎತ್ತರವಿದ್ದಷ್ಟೂ ಸಂಬಳ ಹೆಚ್ಚು. 1777ರಲ್ಲಿ ಒಬ್ಬೊಬ್ಬ ಗಂಡಾಳಿಗೂ ಒಂದು ಗಿನಿ, ಅಂದರೆ ಒಂದು ಪೌಂಡಿಗಿಂತ ತುಸು ಹೆಚ್ಚು, ತೆರಿಗೆ ಬಂತು, ಅಮೆರಿಕದ ಸ್ವಾತಂತ್ರ್ಯ ಯುದ್ಧದ ಖರ್ಚಿಗೆ. ಆಮೇಲೆ ಫುಟ್‌ಮನ್ ಇಟ್ಟುಕೊಳ್ಳುವುದೇ ಸಿರಿವಂತಿಕೆಯ ಗುರುತಾಯಿತು. ಅವರಿಗೂ ಅದೇ ಕಾಗದ ಬೇಕಿತ್ತು.

ಇಷ್ಟು ಹೇಳಿದರೆ ಯಾರಾದರೂ ಒಬ್ಬರು ‘ಒಳ್ಳೆಯ ಯಜಮಾನರೂ ಇದ್ದರಲ್ಲ’ ಅಂತ ಕೇಳುತ್ತಾರೆ. ಇದ್ದರು. ವೇಲ್ಸ್‌ನ ರೆಕ್ಸಮ್ ಹತ್ತಿರ ಎರ್ದಿಗ್ ಎಂಬ ಮನೆಯಿದೆ. ಅಲ್ಲಿನ ಯಾರ್ಕ್ ಮನೆತನದವರು 1790ರ ದಶಕದಲ್ಲೇ ತಮ್ಮ ಆಳುಗಳ ಚಿತ್ರ ಬರೆಸಿ, ಒಬ್ಬೊಬ್ಬರ ಮೇಲೂ ಪದ್ಯ ಕಟ್ಟಿ ಗೋಡೆಗೆ ಹಾಕಿಸಿದರು. ಜೇಡರ ಬಲೆ ಗುಡಿಸುತ್ತಿದ್ದ 87 ವರ್ಷದ ಮುದುಕಿಯ ಚಿತ್ರವೂ ಅಲ್ಲಿದೆ. ನೋಡಿದರೆ ಸಂತೋಷವಾಗುತ್ತದೆ, ನಿಜ. ಆದರೆ ಆ ಚಿತ್ರ ತೋರಿಸಿ ಇನ್ನೊಂದು ಮನೆಯಲ್ಲಿ ಕೆಲಸ ಕೇಳಲು ಆಗುತ್ತಿತ್ತೇ? ಅಲ್ಲೂ ಯಜಮಾನರ ಮಾತೇ ಬೇಕಿತ್ತು.

ಇನ್ನೂ ಒಂದು. ಸಸೆಕ್ಸಿನ ಅಪ್‌ಪಾರ್ಕ್ ಮನೆಯಲ್ಲಿ ಸೇರಾ ವೆಲ್ಸ್ ಎಂಬುವರು 1880ರಿಂದ 13 ವರ್ಷ ಹೌಸ್‌ಕೀಪರ್ ಆಗಿದ್ದರು. ಅಷ್ಟು ದೊಡ್ಡ ಹುದ್ದೆ. 1893ರಲ್ಲಿ ಅವರನ್ನೂ ಬಿಡಿಸಿದರು, ವಯಸ್ಸು ಎಪ್ಪತ್ತರ ಹತ್ತಿರ. ಆ ವಯಸ್ಸಿಗೆ ಯಾವ ಕಾಗದ ಹಿಡಿದು ಯಾವ ಮನೆಗೆ ಹೋಗುವುದು? ಮಗ ದುಡಿಯುತ್ತಿದ್ದದ್ದರಿಂದ ಉಳಿದುಕೊಂಡರು. ಆ ಮಗನೇ ಮುಂದೆ ಹೆಸರುವಾಸಿಯಾದ ಲೇಖಕ ಎಚ್. ಜಿ. ವೆಲ್ಸ್. ಅಂಥ ಮಗ ಇಲ್ಲದವರ ಗತಿ ಯೋಚಿಸಿ.

1914ರಲ್ಲಿ ಮಹಾಯುದ್ಧ ಬಂತು. ಮದ್ದುಗುಂಡಿನ ಕಾರ್ಖಾನೆಗಳು ಹೆಂಗಸರನ್ನು ಕರೆದವು. ಪಾಳಿ ಮುಗಿದ ಮೇಲೆ ಸಂಜೆ ನಿಮ್ಮದೇ. ಗಂಟೆಯ ತಂತಿ ಎಳೆದು ಕರೆಯುವವರಿಲ್ಲ. ಒಮ್ಮೆ ಹೋದವರಲ್ಲಿ ಬಹಳ ಮಂದಿಗೆ ಮರಳಿ ಬರಲು ಮನಸ್ಸಾಗಲಿಲ್ಲ. ಹುಡುಗಿಯರು ಸಿಗುವುದಿಲ್ಲ ಅಂತ ಯಜಮಾನಿಯರು ಪತ್ರಿಕೆಗಳಲ್ಲಿ ಗೋಳಾಡಿಕೊಂಡರು. ದೊಡ್ಡ ಮನೆಗಳು ಒಂದೊಂದಾಗಿ ಮುಚ್ಚಿದವು, ಕೆಲವು ಶಾಲೆಗಳಾದವು, ಕೆಲವನ್ನು ಕೆಡವಿದರು.

ಹ್ಯಾನಾ ಅದನ್ನು ನೋಡಲಿಲ್ಲ. 1909ರಲ್ಲಿ, ತನ್ನ ಶ್ರಾಪ್‌ಶೈರಿನಲ್ಲೇ ತೀರಿಕೊಂಡಳು. ಸುಳ್ಳು ನಡತೆ ಪತ್ರಕ್ಕೆ ದಂಡ ಹಾಕುತ್ತಿದ್ದ 1792ರ ಆ ಕಾಯ್ದೆಯನ್ನು ಬ್ರಿಟನ್ನಿನ ಪಾರ್ಲಿಮೆಂಟು ಪುಸ್ತಕದಿಂದ ತೆಗೆದುಹಾಕಿದ್ದು 2008ರಲ್ಲಿ.

ನಮಸ್ಕಾರ.