ಡೆಸ್ಕನ್ನು ಮೊದಲು ಬೋರಲು ಹಾಕಿ

(ಬಾಗಲಕೋಟೆಯ ನವನಗರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಹಿರಿಯರೇ, ತಾಯಂದಿರೇ, ಗೆಳೆಯರೇ,

ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಮನೆಗಳನ್ನು ಬಿಟ್ಟು ಬಂದವರು ನಿಮ್ಮಲ್ಲಿ ಹಲವರಿದ್ದೀರಿ. ನಿಮ್ಮೊಂದಿಗೆ ಪಲ್ಲಂಗ, ಕಪಾಟು, ಬಾಗಿಲ ಚೌಕಟ್ಟುಗಳೂ ಬಂದವು. ಬಾರದೆ ಉಳಿದದ್ದರಲ್ಲಿ ಎಷ್ಟೋ ಸಾಮಾನು ಘನ ಅಡಿಯ ಲೆಕ್ಕದಲ್ಲಿ ಕಟ್ಟಿಗೆಯಾಗಿ ಹೋಯಿತು. ಕಟ್ಟಿಗೆಯ ಬೆಲೆ ಎಲ್ಲಕ್ಕಿಂತ ಕೆಳಗಿನ ಬೆಲೆ. ಹಳೆಯ ಮರದ ಸಾಮಾನಿಗೆ ಅದಕ್ಕಿಂತ ಮೇಲೆ ಎಷ್ಟು ಸಿಗಬೇಕು ಎಂಬುದಷ್ಟೇ ಇಂದಿನ ಮಾತು.

ನಿಮ್ಮಲ್ಲೊಬ್ಬರು ಈ ಡೆಸ್ಕನ್ನು ತಂದಿದ್ದಾರೆ. ಅಡತಿ ಅಂಗಡಿಯಲ್ಲಿ ಗಾದಿಯ ಮೇಲೆ ಕುಳಿತು ಕಿರ್ದಿ, ಖತಾವಣಿಯ ಲೆಕ್ಕ ಬರೆಯುತ್ತಿದ್ದ ಇಳಿಜಾರು ಮುಚ್ಚಳದ ಡೆಸ್ಕು. ಎಲ್ಲರೂ ಮುಚ್ಚಳವನ್ನೇ ನೋಡುತ್ತಿದ್ದೀರಿ. ನಾನು ಇದನ್ನು ಬೋರಲು ಹಾಕುತ್ತೇನೆ. ಮೋಸ ಮಾಡುವವನು ತಳಕ್ಕೆ ಅಷ್ಟಾಗಿ ಶ್ರಮ ಹಾಕುವುದಿಲ್ಲ, ನೋಡಿ.

ತಳದ ಹಲಗೆಯ ಮೇಲೆ ಬೆರಳಾಡಿಸಿದರೆ ಸಣ್ಣ ಅಲೆಗಳು ಸಿಗುತ್ತವೆ. ಅವು ಕೈಯಿಂದ ಎಳೆದ ರಂದಾದ ಗುರುತು. ಕಮಾನಿನಂಥ ಗೀರುಗಳಿದ್ದರೆ ಅದು ಯಂತ್ರದ ದುಂಡು ಗರಗಸ. ಈ ಮೂಲೆಯ ಕಾಲಿನ ಸ್ಕ್ರೂವಿನ ತಲೆಯಲ್ಲಿ ಕೂಡಿಸುವ ಚಿಹ್ನೆ ಇದೆ. ಅಂಥ ಸ್ಕ್ರೂ ಬಂದದ್ದು 1930ರ ದಶಕದಲ್ಲಿ. ಪಕ್ಕದಲ್ಲಿ ಬಿಳಿ ಅಂಟಿನ ಹೆಪ್ಪೂ ಇದೆ. ಫೆವಿಕಾಲ್ ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ಹಿಂದಿನವರು ಬಳಸುತ್ತಿದ್ದ ಮರವಜ್ರ ಎಂಬ ಅಂಟು ಕಂದು ಬಣ್ಣದ್ದು, ಬಿಸಿನೀರು ತಾಗಿದರೆ ಸಡಿಲುತ್ತದೆ. ಅಂದರೆ ಡೆಸ್ಕು ಹಳೆಯದಾದರೂ ಈ ಕಾಲನ್ನು ಆಮೇಲೆ ಯಾರೋ ಕೂರಿಸಿದ್ದಾರೆ. ದುರಸ್ತಿ ತಪ್ಪಲ್ಲ. ಅದನ್ನು ಮುಚ್ಚಿಟ್ಟು ಮಾರುವುದು ತಪ್ಪು.

ಇನ್ನು ಸವೆತ. ಮುಚ್ಚಳದ ಕೆಳ ಅಂಚು ಬಲಗಡೆಗೆ ಆಳವಾಗಿ ತಗ್ಗಿದೆ, ಎಡಗಡೆ ಅಷ್ಟಿಲ್ಲ. ಬರೆಯುವ ಕೈಯ ಮಣಿಕಟ್ಟು ವರ್ಷಗಟ್ಟಲೆ ಊರಿದ ಜಾಗ ಅದು. ನಾಲ್ಕೂ ಮೂಲೆಗಳು ಒಂದೇ ಸಮ ದುಂಡಾಗಿದ್ದರೆ ನನಗೆ ಸಂಶಯ ಬರುತ್ತಿತ್ತು. ಉಪ್ಪುಕಾಗದಕ್ಕೆ ಎಡಬಲ ಗೊತ್ತಿಲ್ಲ. ಮಸಿಯ ಕಲೆಗಳನ್ನು ದಯವಿಟ್ಟು ತೆಗೆಯಬೇಡಿ.

ಇದನ್ನು ಹೇಳುವ ಯೋಗ್ಯತೆ ನನಗೆ ಬಂದದ್ದು ಪೆಟ್ಟು ತಿಂದ ಮೇಲೆ. ನಮ್ಮ ಅಜ್ಜನ ಸಾಗವಾನಿ ಆರಾಮ ಕುರ್ಚಿಯನ್ನು ಉತ್ಸಾಹದಲ್ಲಿ ಯಂತ್ರ ಹಚ್ಚಿ ಕೆರೆದು ಹೊಳೆಯುವ ವಾರ್ನಿಶ್ ಬಳಿದೆ. ಅದಕ್ಕೂ ಮೊದಲು ಒಳ್ಳೆಯ ಬೆಲೆ ಹೇಳಿದ್ದ ಬೆಳಗಾವಿಯ ವ್ಯಾಪಾರಿ ಬಂದು ನೋಡಿ, "ಇದಕ್ಕಿಂತ ಹೊಸದನ್ನೇ ಕೊಳ್ಳಬಹುದಲ್ಲ" ಎಂದು ಚಹಾ ಕುಡಿದು ಹೋದ. ಅರಗಿನ ಹಳೆಯ ಪಾಲಿಶ್ ಇದೆಯೇ ಎಂದು ಕಾಣದ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಒತ್ತಿ ನೋಡಬೇಕಿತ್ತು. ಮೆತ್ತಗಾಗಿ ಅಂಟಿದರೆ ಅದು ಅರಗು. ಕೆರೆಯದೆಯೇ ಸರಿಪಡಿಸಬಹುದು.

ನಮ್ಮ ಕಡೆಯ ಒಣ ಬಿಸಿಲಿಗೆ ಮರ ಎಳೆಗೆ ಅಡ್ಡವಾಗಿ ಕುಗ್ಗುತ್ತದೆ, ಉದ್ದಕ್ಕೆ ಅಷ್ಟಾಗಿ ಅಲ್ಲ. ಹಾಗಾಗಿ ಹಳೆಯ ದುಂಡು ಮೇಜು ನಿಜವಾಗಿ ದುಂಡಗಿರುವುದಿಲ್ಲ, ಟೇಪು ಹಿಡಿದು ಎರಡೂ ಕಡೆ ಅಳೆಯಿರಿ. ಎಳೆಗುಂಟ ಬಿಟ್ಟ ಸಣ್ಣ ಬಿರುಕಿಗೆ ಹೆದರಬೇಕಿಲ್ಲ, ಕೀಲು ಸಡಿಲಿದ್ದರೂ ಬಡಗಿ ಬಿಗಿ ಮಾಡುತ್ತಾನೆ. ಗೆದ್ದಲು ಒಳಗೆ ತಿಂದು ಸಿಪ್ಪೆಯಷ್ಟೇ ಉಳಿಸಿದ್ದರೆ ಮಾತ್ರ ಕಟ್ಟಿಗೆಯ ಬೆಲೆಯೂ ಸಿಗದು.

ಮರ ಯಾವುದೆಂಬುದರಿಂದಲೇ ಬೆಲೆ ತೀರ್ಮಾನವಾಗುವುದಿಲ್ಲ. ನಾಲ್ಕು ಕಂಬದ ಬೀಟೆಯ ಪಲ್ಲಂಗ ಎಷ್ಟೇ ಚೆನ್ನಾಗಿದ್ದರೂ ಇಂದಿನ ಹತ್ತು ಅಡಿಯ ಕೋಣೆಗೆ ಹಿಡಿಸದು, ಗಿರಾಕಿ ಕಡಿಮೆ. ಈ ಡೆಸ್ಕನ್ನು ಮಡಿಲಲ್ಲಿಟ್ಟುಕೊಂಡೇ ಒಯ್ಯಬಹುದು. ಇದನ್ನು ಕೇಳುವವರು ಹೆಚ್ಚು.

ಡೆಸ್ಕು ತಂದವರು ಆಗಿನಿಂದ ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ, ಎಷ್ಟು ಬರುತ್ತದೆ ಎಂದು. ಈ ಹಿಂಬದಿಯ ಕಾಲಿನಲ್ಲಿ ಕುಟ್ಟೆಹುಳುವಿನ ತೂತುಗಳಿವೆ. ಹುಳು ಸತ್ತಿದೆಯೋ ಬದುಕಿದೆಯೋ ಈಗ ಹೇಳಲಾರೆ. ಮನೆಗೆ ಒಯ್ದು ಕೆಳಗೆ ಕಪ್ಪು ಕಾಗದ ಹಾಸಿ, ಕೆಲವು ವಾರ ಅಲುಗಾಡಿಸದೆ ಬಿಡಿ. ತಿಳಿ ಬಣ್ಣದ ಹೊಸ ಪುಡಿ ಉದುರಿದ್ದರೆ ಮೊದಲು ಔಷಧ. ಬೆಲೆಯ ಮಾತನ್ನು ಆಮೇಲೆ ಆಡೋಣ.